ಹಕ್ಕಲು ಆಯ್ದ ರೂತಳು, ಕುರುಬನಾದ ಯೆಹೋವ: ಒಂದು ಪುಸ್ತಕದ ಮೇಲಿನ ನಂಬಿಕೆ ಬೆಳೆದ ದಾರಿ

ಡಿಸೆಂಬರ್ 31ರ ರಾತ್ರಿ. ನಾನು ಬೆಳೆದ ಬಳ್ಳಾರಿಯ ಪುಟ್ಟ ಕ್ರೈಸ್ತ ಸಭೆಯಲ್ಲಿ ಹನ್ನೆರಡು ಹೊಡೆಯುವ ಹೊತ್ತಿಗೆ ಎಲ್ಲರೂ ಮೊಣಕಾಲೂರಿರುತ್ತಿದ್ದರು. ಹಳೆ ವರ್ಷ ದಾಟಿದ ಕೂಡಲೇ ಒಂದು ಸ್ಟೀಲ್ ತಟ್ಟೆ ಸಾಲಿನಿಂದ ಸಾಲಿಗೆ ಬರುತ್ತಿತ್ತು. ತಟ್ಟೆ ತುಂಬಾ ಸುರುಳಿ ಸುತ್ತಿದ ಚೀಟಿ. ಒಂದೊಂದರಲ್ಲೂ ಬೈಬಲಿನ ಒಂದು ವಾಕ್ಯ. ಅದಕ್ಕೆ ವಾಗ್ದಾನ ಅಂತ ಹೆಸರು. ಕಣ್ಣು ಮುಚ್ಚಿ ಎತ್ತಿಕೊಂಡರೆ ಅದೇ ಆ ವರ್ಷಕ್ಕೆ ದೇವರು ಕೊಟ್ಟ ಮಾತು. ಮನೆಗೆ ಬಂದು ಕ್ಯಾಲೆಂಡರ್ ಪಕ್ಕ ಅಂಟಿಸುತ್ತಿದ್ದೆವು.

ಒಂದು ವರ್ಷ ನನಗೆ ಯೆರೆಮೀಯ 29:11 ಬಂತು. ನಿಮ್ಮ ಬಗ್ಗೆ ನನಗಿರುವ ಆಲೋಚನೆ ಕೇಡಿನದಲ್ಲ, ಹಿತದ್ದು ಎಂದು ದೇವರು ಹೇಳುವ ಮಾತು ಅದು. ಪಿಯುಸಿ ಪರೀಕ್ಷೆ ಹತ್ತಿರ ಇತ್ತು. ಇನ್ನು ಪಾಸ್ ಗ್ಯಾರಂಟಿ ಅಂದುಕೊಂಡೆ. ಗಣಿತದಲ್ಲಿ ಡುಮ್ಕಿ ಹೊಡೆದೆ. ಅಜ್ಜಿ ಬೈಯಲಿಲ್ಲ. "ಒಂದೇ ವಾಕ್ಯ ಹಿಡ್ಕೊಂಡು ಕೂತ್ರೆ ಹೆಂಗ? ಹಿಂದೆ ಮುಂದೆ ಓದಿಯೇನು?" ಅಂದಳು. ನಾನು ಓದಿರಲಿಲ್ಲ.

ಹೊರಗಿನವರು ಕೇಳುವ ಪ್ರಶ್ನೆ ಬೇರೆ. ಎಲ್ಲೋ ಪಶ್ಚಿಮ ಏಷ್ಯಾದಲ್ಲಿ ಹುಟ್ಟಿದ, ಎರಡು ಸಾವಿರ ವರ್ಷಕ್ಕೂ ಹಳೆಯ ಬರಹ. ಅದನ್ನು ಇಲ್ಲಿನ ಲಾರಿ ಡ್ರೈವರ್, ಟೀಚರಮ್ಮ, ಹತ್ತಿ ಬಿಡಿಸುವ ಹೆಂಗಸು ತಮ್ಮ ಬಾಳಿಗೆ ದಾರಿ ತೋರುವುದು ಅಂತ ಯಾಕೆ ನಂಬುತ್ತಾರೆ? ಸಭೆಯಲ್ಲಿ ಕೇಳಿದರೆ ಸಿಗುವ ಉತ್ತರ ಚಿಕ್ಕದು: ಅದು ದೇವರ ವಾಕ್ಯ. ಬೈಬಲಿನಲ್ಲೇ ಇರುವ, ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಶಾಸ್ತ್ರ ದೈವಪ್ರೇರಿತ, ಅದು ಉಪದೇಶಕ್ಕೂ ತಿದ್ದುಪಾಟಿಗೂ ಬೇಕಾದದ್ದು ಎಂಬ ಮಾತಿದೆ. ಆದರೆ ಪುಸ್ತಕ ತನ್ನ ಬಗ್ಗೆ ತಾನೇ ಹೇಳಿಕೊಂಡರೆ ಸಾಕಾ? ಸಾಲದು. ಅದೂ ಅಲ್ಲದೆ, ಆ ಪತ್ರ ಬರೆಯುವಾಗ ಯೇಸುವಿನ ನಂತರದ ಬರಹಗಳನ್ನು ಸೇರಿಸಿದ ಹೊಸ ಒಡಂಬಡಿಕೆ ಅನ್ನುವ ಕಟ್ಟೇ ಇನ್ನೂ ಆಗಿರಲಿಲ್ಲ. ಅಲ್ಲಿ ಶಾಸ್ತ್ರ ಅಂದರೆ ಯೆಹೂದ್ಯರ ಹೀಬ್ರೂ ಗ್ರಂಥಗಳು, ಕ್ರೈಸ್ತರು ಮುಂದೆ ಹಳೆ ಒಡಂಬಡಿಕೆ ಅಂದದ್ದು.

ಯೇಸು ಓದಿ ಬೆಳೆದದ್ದೂ ಅವನ್ನೇ. ಆತನ ಜೀವನಕತೆ ಹೇಳುವ ಲೂಕನ ಸುವಾರ್ತೆಯಲ್ಲಿ ಯೇಸು ನಜರೇತಿನ ಸಭಾಮಂದಿರದಲ್ಲಿ ಎದ್ದು ನಿಂತು ಯೆಶಾಯನ ಸುರುಳಿಯಿಂದ ಓದುತ್ತಾನೆ. ಅದಕ್ಕೂ ಮುಂಚೆ ಅಡವಿಯಲ್ಲಿ ಸೈತಾನ ಪರೀಕ್ಷೆ ಮಾಡಿದಾಗ ಶಾಸ್ತ್ರದ ಮಾತಿನಿಂದಲೇ ಉತ್ತರ ಕೊಡುತ್ತಾನೆ. ನಮ್ಮ ಯಜಮಾನನೇ ಇದನ್ನು ನೆಚ್ಚಿಕೊಂಡಿದ್ದ, ಹಾಗಾಗಿ ನಾವೂ ನೆಚ್ಚುತ್ತೇವೆ: ಕ್ರೈಸ್ತರ ನಂಬಿಕೆಗೆ ಎಲ್ಲಕ್ಕಿಂತ ಹಳೆಯ ಕಾರಣ ಇದು. ಒಂದು ತಮಾಷೆ ಇದೆ ನೋಡಿ. ಅದೇ ಕತೆಯಲ್ಲಿ ಸೈತಾನನೂ ಕೀರ್ತನೆ 91ರಿಂದ ಒಂದು ವಾಕ್ಯ ತೆಗೆದು ಹೇಳುತ್ತಾನೆ. ದೇವದೂತರು ನಿನ್ನನ್ನು ಕೈಯಲ್ಲಿ ಎತ್ತಿಕೊಳ್ಳುತ್ತಾರೆ, ಕೆಳಕ್ಕೆ ಧುಮುಕು ಅಂತ. ವಾಕ್ಯ ಸರಿಯೇ, ಹೇಳಿದ ಉದ್ದೇಶ ಕೆಟ್ಟದ್ದು. ತಟ್ಟೆಯಿಂದ ಚೀಟಿ ಎತ್ತುವ ನಮ್ಮಂಥವರು ಇದನ್ನು ವರ್ಷಕ್ಕೊಮ್ಮೆಯಾದರೂ ಓದಬೇಕು.

ಯಾವ ಪುಸ್ತಕ ಒಳಗೆ, ಯಾವುದು ಹೊರಗೆ ಅನ್ನುವುದು ಒಂದೇ ದಿನ ತೀರ್ಮಾನವಾಗಲಿಲ್ಲ. ಪತ್ರಗಳು, ಸುವಾರ್ತೆಗಳು ಊರಿಂದ ಊರಿಗೆ ನಕಲಾಗಿ ಓಡಾಡಿದವು. ಎರಡನೇ ಶತಮಾನದಲ್ಲಿ ಮಾರ್ಸಿಯನ್ ಎಂಬಾತ ಹಳೆ ಒಡಂಬಡಿಕೆಯೇ ಬೇಡ ಅಂದ. ಲೂಕನ ಒಂದು ಸುವಾರ್ತೆ, ಮೊದಲ ಪೀಳಿಗೆಯ ಬೋಧಕ ಪೌಲನ ಕೆಲವು ಪತ್ರ ಸಾಕು ಅಂತ ತನ್ನದೇ ಪಟ್ಟಿ ಮಾಡಿದ. ಹಾಗಾದರೆ ನಮ್ಮ ಪಟ್ಟಿ ಯಾವುದು ಅಂತ ಉಳಿದವರೂ ಯೋಚಿಸಬೇಕಾಯಿತು. ಇನ್ನೊಂದು ಒತ್ತಡ ಸರ್ಕಾರದಿಂದ ಬಂತು. 303ರಲ್ಲಿ ರೋಮ್ ಚಕ್ರವರ್ತಿ ಡಯೋಕ್ಲೀಷಿಯನ್ ಕ್ರೈಸ್ತರ ಗ್ರಂಥಗಳನ್ನು ಸುಡಲು ಆಜ್ಞೆ ಹೊರಡಿಸಿದ. ಸೈನಿಕರು ಬಾಗಿಲು ತಟ್ಟಿದಾಗ ಯಾವುದನ್ನು ಕೊಟ್ಟು ಕಳಿಸಬಹುದು, ಯಾವುದಕ್ಕೆ ಪ್ರಾಣ ಕೊಡಬೇಕು? ಗ್ರಂಥ ಒಪ್ಪಿಸಿಬಿಟ್ಟವರನ್ನು ಲ್ಯಾಟಿನ್‌ನಲ್ಲಿ 'ಟ್ರಾಡಿಟೋರ್ಸ್' ಅಂದರು, ಅಂದರೆ ಕೈಗೊಪ್ಪಿಸಿದವರು. ದ್ರೋಹಿಗೆ ಇಂಗ್ಲಿಷಿನಲ್ಲಿ 'ಟ್ರೇಟರ್' ಅನ್ನುವ ಪದ ಬಂದದ್ದು ಅದೇ ಮೂಲದಿಂದ. 367ರಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಷಿಯಸ್ ಬರೆದ ಈಸ್ಟರ್ ಪತ್ರದಲ್ಲಿ ಇವತ್ತಿನ ಹೊಸ ಒಡಂಬಡಿಕೆಯ 27 ಪುಸ್ತಕಗಳೇ ಇವೆ. ಹಳೆ ಒಡಂಬಡಿಕೆಯ ವಿಷಯದಲ್ಲಿ ಜಗಳ ಪೂರ್ತಿ ಮುಗಿದಿಲ್ಲ. ಪ್ರೊಟೆಸ್ಟೆಂಟರ ಬೈಬಲಿನಲ್ಲಿ ಒಟ್ಟು 66 ಪುಸ್ತಕ, ಕ್ಯಾಥೊಲಿಕರದರಲ್ಲಿ 73.

ನಂಬಿಕೆಯ ಇನ್ನೊಂದು ತಿರುವು ಭಾಷೆಯದು. ಸಾವಿರ ವರ್ಷ ಪಶ್ಚಿಮ ಯುರೋಪಿನ ಜನ ಬೈಬಲನ್ನು ಲ್ಯಾಟಿನ್‌ನಲ್ಲಿ ಕೇಳಿದರು, ಹೆಚ್ಚಿನವರಿಗೆ ಅರ್ಥವಾಗುತ್ತಿರಲಿಲ್ಲ. ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯನ್ನು, 1534ರಲ್ಲಿ ಪೂರ್ತಿ ಬೈಬಲನ್ನು ಜರ್ಮನ್ ಭಾಷೆಗೆ ತಂದ. ಇಂಗ್ಲಿಷಿಗೆ ತಂದ ಟಿಂಡೇಲ್‌ನನ್ನು 1536ರಲ್ಲಿ ಕತ್ತು ಬಿಗಿದು ಕೊಂದು ಸುಟ್ಟರು. ಪೋಪ್ ಆಗಲಿ ಸಭೆಯಾಗಲಿ, ಎಲ್ಲವನ್ನೂ ಶಾಸ್ತ್ರದಿಂದಲೇ ಅಳೆಯಬೇಕು ಅಂತ ಪ್ರೊಟೆಸ್ಟೆಂಟರು ಹಿಡಿದರು. ಶಾಸ್ತ್ರವೂ ಬೇಕು, ಅದನ್ನು ಕಾಪಾಡಿ ತಂದ ಸಭೆಯ ಪರಂಪರೆಯೂ ಬೇಕು ಅಂದರು ಕ್ಯಾಥೊಲಿಕರು. ಬಳ್ಳಾರಿಯಲ್ಲಿ ಅಕ್ಕಪಕ್ಕದ ಮನೆಯವರು ಇವತ್ತಿಗೂ ಇದೇ ಮಾತನ್ನು ಆಡುತ್ತಾರೆ, ದೀಪಾವಳಿ ಪಟಾಕಿಯ ಹೊಗೆಯ ಮಧ್ಯೆ ನಿಂತುಕೊಂಡು.

ಈಗ ನಮ್ಮೂರಿಗೆ ಬರೋಣ. 1800ರಲ್ಲಿ ಹೈದರಾಬಾದ್ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಹತ್ತು ವರ್ಷದ ಮೇಲೆ, 1810ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದ. ಕನ್ನಡ ಕಲಿತ, ಅನುವಾದಕ್ಕೆ ಕೂತ. 1816ರಲ್ಲಿ ವಿಲಿಯಂ ರೀವ್ ಜೊತೆಗೂಡಿದ. ಅದೇ ಕಾಲಕ್ಕೆ ಬಂಗಾಳದ ಶ್ರೀರಾಂಪುರದಲ್ಲಿ ವಿಲಿಯಂ ಕೇರಿ ಕೂಡ ಕನ್ನಡ ಅನುವಾದ ಮಾಡಿಸುತ್ತಿದ್ದ. 1812ರಲ್ಲಿ ಅಲ್ಲಿನ ಛಾಪಖಾನೆಗೆ ಬೆಂಕಿ ಬಿದ್ದು ಎಷ್ಟೋ ಹಸ್ತಪ್ರತಿ ಬೂದಿಯಾದವು, ಕನ್ನಡದ್ದೂ ಸೇರಿ. ಬಳ್ಳಾರಿಯ ಕೆಲಸ ನಡೆಯಿತು. ಇಲ್ಲೇ ಮಿಷನ್ ಛಾಪಖಾನೆ ಬಂತು. 1831ರ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡದಲ್ಲಿತ್ತು. ರೀವ್ ಆ ದಾರಿಯಲ್ಲೇ ನಿಘಂಟು ಮಾಡಿದ: 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್. ಕಿಟ್ಟೆಲ್ ಕೋಶ ಬರಲು ಇನ್ನೂ ಅರವತ್ತು ವರ್ಷ ಇತ್ತು. ಬಿಸಿಲಿಗೆ ಬಾಯಾರುವ ಈ ಊರಲ್ಲಿ, ಏಕಶಿಲೆಯ ಬೆಟ್ಟದ ಕೆಳಗೆ, ಇಷ್ಟು ಕನ್ನಡ ಕೆಲಸ ಆಗಿದೆ ಅಂತ ಇಲ್ಲಿನವರಿಗೇ ಜಾಸ್ತಿ ಗೊತ್ತಿಲ್ಲ.

ಮೊದಲ ಅನುವಾದದ ಕನ್ನಡ ಬಿಗಿ, ತೊಡಕು. ಮುಂದೆ ಮಂಗಳೂರು, ಧಾರವಾಡ ಕಡೆಯ ಬಾಸೆಲ್ ಮಿಷನ್ನಿನವರು ಅದನ್ನು ತಿದ್ದಿದರು. 'ಮಂಗಳೂರ ಸಮಾಚಾರ' ಶುರುಮಾಡಿದ ಮೋಗ್ಲಿಂಗ್ ಕೂಡ ಅವರಲ್ಲಿ ಒಬ್ಬ. ಪುಸ್ತಕಕ್ಕೆ 'ಸತ್ಯವೇದ' ಅನ್ನುವ ಹೆಸರು ನಿಂತಿತು. ಯಾರ ಕಿವಿಗೆ ವೇದ ಬಿದ್ದರೂ ತಪ್ಪು ಅನ್ನುತ್ತಿದ್ದರೋ ಆ ಜನರ ಕೈಗೆ ವೇದ ಅನ್ನುವ ಹೆಸರಿನ ಪುಸ್ತಕ ಬಂತು, ಸುಮ್ನೆ ಮಾತಾ?

ಇದರ ಒಳಗೆ ಹೊಕ್ಕರೆ ಇನ್ನೊಂದು ಕಾಣುತ್ತದೆ. ಸಭೆಗಳಲ್ಲಿ ಓದುವ ಹಳೆ ಕನ್ನಡ ಅನುವಾದದಲ್ಲಿ ಕೀರ್ತನೆ 23 ಹೀಗೆ ಶುರುವಾಗುತ್ತದೆ: "ಯೆಹೋವನು ನನಗೆ ಕುರುಬನು; ಕೊರತೆಪಡೆನು." ಗೋಪಾಲ ಅನ್ನಬಹುದಿತ್ತು, ಪಾಲಕ ಅನ್ನಬಹುದಿತ್ತು. ಕುರುಬ ಅಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಉದ್ದನೆ ಕೋಲು, ಕಾಲಡಿ ಕೆಂಪು ಧೂಳು, ಮಳೆಗಾಲ ಮುಗಿದ ಮೇಲೆ ಹೊಲದಲ್ಲಿ ಕುರಿ ತರುಬುವವನು. ದೇವರನ್ನು ಆ ಮನುಷ್ಯನ ಹಾಗೆ ಕಲ್ಪಿಸಿಕೊಳ್ಳಲು ಕೊಪ್ಪಳದ ರೈತನಿಗೆ ಪಾದ್ರಿಯ ವಿವರಣೆ ಬೇಕಿಲ್ಲ. ಯೇಸು ಹೇಳಿದ ಬಿತ್ತುವವನ ಸಾಮ್ಯ, ಅಂದರೆ ಹೋಲಿಕೆಯ ಕತೆ, ಅದೂ ಹಾಗೇ. ದಾರಿಯ ಮೇಲೆ ಬಿದ್ದ ಬೀಜ, ಕಲ್ಲು ನೆಲದ್ದು, ಮುಳ್ಳಿನೊಳಗಿನದು, ಒಳ್ಳೆ ನೆಲದ್ದು. ಎರೆ ಹೊಲಕ್ಕೂ ಗರಸು ನೆಲಕ್ಕೂ ವ್ಯತ್ಯಾಸ ಇಲ್ಲಿ ಮಕ್ಕಳಿಗೂ ಗೊತ್ತು.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ರೂತಳ ಪುಸ್ತಕ. ನಾಲ್ಕೇ ಅಧ್ಯಾಯ. ಬೇತ್ಲೆಹೇಮಿನಲ್ಲಿ ಬರ ಬೀಳುತ್ತದೆ. ಒಂದು ಮನೆಯವರು ಮೋವಾಬ್ ದೇಶಕ್ಕೆ ಹೋಗುತ್ತಾರೆ. ರಾಯಚೂರು, ಕೊಪ್ಪಳದ ಮಾತಲ್ಲಿ ಹೇಳುವುದಾದರೆ ಗುಳೆ ಹೋಗುತ್ತಾರೆ. ಅಲ್ಲಿ ಗಂಡಸರೆಲ್ಲ ಸಾಯುತ್ತಾರೆ. ಅತ್ತೆ ನೊವೊಮಿ ಬರಿಗೈಯಲ್ಲಿ ವಾಪಸ್ ಹೊರಡುತ್ತಾಳೆ, ಮೋವಾಬಿನವಳೇ ಆದ ಸೊಸೆ ರೂತಳು ಬಿಟ್ಟು ಹೋಗಲ್ಲ ಅಂತ ಜೊತೆಗೆ ಬರುತ್ತಾಳೆ. ಹೊಟ್ಟೆಗಾಗಿ ಪರರ ಹೊಲದಲ್ಲಿ ಹಕ್ಕಲು ಆಯುತ್ತಾಳೆ. ಕೊಯ್ಲಿನಲ್ಲಿ ಬಿದ್ದ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಅಂತ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಕಟ್ಟಳೆ ಇದೆ. ರೂತಳು ಬದುಕಿದ್ದು ಆ ಕಟ್ಟಳೆಯಿಂದ. ನಮ್ಮ ಅಜ್ಜಿ ಚಿಕ್ಕವಳಿದ್ದಾಗ ಜೋಳದ ಹೊಲದಲ್ಲಿ ಹಕ್ಕಲು ಆಯ್ದವಳು. ಅವಳಿಗೆ ಈ ಪುಸ್ತಕ ನಿಜ ಅಂತ ಯಾರೂ ಸಾಬೀತು ಮಾಡಿ ತೋರಿಸಬೇಕಿರಲಿಲ್ಲ.

1876-78ರ ಧಾತು-ಈಶ್ವರ ಬರ ಬಳ್ಳಾರಿ ಜಿಲ್ಲೆಯನ್ನು ತಿಂದುಹಾಕಿತು. ಗಂಜಿಗಾಗಿ ಮಿಷನ್ ಬಾಗಿಲಿಗೆ ಬಂದವರಿದ್ದರು, ಅನಾಥ ಮಕ್ಕಳಿದ್ದರು. ಗಂಜಿ ಕ್ರೈಸ್ತರು ಅನ್ನುವ ಹಳೆ ಚುಚ್ಚುಮಾತಿನಲ್ಲಿ ಸ್ವಲ್ಪ ನಿಜ ಇದ್ದಿರಬಹುದು. ಆದರೆ ಗಂಜಿ ಕುಡಿದು ಮುಗಿದ ಮೇಲೂ ಜನ ಓದೋದು ಕಲಿತರು, ಮಕ್ಕಳಿಗೆ ಕಲಿಸಿದರು. ಓದಲು ಬರದವರು ಬಾಯಿಪಾಠ ಮಾಡಿದರು.

ಪುಸ್ತಕದ ಪಠ್ಯ ಕೆಟ್ಟುಹೋಗಿಲ್ಲವಾ ಅನ್ನುವ ಪ್ರಶ್ನೆಗೆ 1947ರಲ್ಲಿ ದೊಡ್ಡ ಸಾಕ್ಷಿ ಸಿಕ್ಕಿತು. ಮೃತ ಸಮುದ್ರದ ಹತ್ತಿರ ಕುಮ್ರಾನಿನ ಗವಿಗಳಲ್ಲಿ ಸುರುಳಿಗಳು ಸಿಕ್ಕವು. ಯೆಶಾಯನ ಸುರುಳಿ ಅದುವರೆಗೆ ಗೊತ್ತಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಕಾಗುಣಿತದ, ಅಲ್ಲಲ್ಲಿ ಪದಗಳ ವ್ಯತ್ಯಾಸ ಇದೆ, ಆದರೆ ಪುಸ್ತಕ ಅದೇ. ಇನ್ನೊಂದು ಬದಿಯನ್ನೂ ಹೇಳಬೇಕು. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು, ಯೋಹಾನನಲ್ಲಿ ಬರುವ ವ್ಯಭಿಚಾರಿಣಿಯ ಕತೆ ಅತ್ಯಂತ ಹಳೆಯ ಗ್ರೀಕ್ ಪ್ರತಿಗಳಲ್ಲಿ ಇಲ್ಲ. ಇದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳುವ ಪಾಸ್ಟರ್‌ಗಳ ಮೇಲೆ ನನಗೆ ಗೌರವ ಜಾಸ್ತಿ.

ಇದೇ ಪುಸ್ತಕ ಹಿಡಿದು ತಪ್ಪು ದಾರಿ ಹಿಡಿದವರೂ ಇದ್ದಾರೆ. ಆಳುಗಳು ಒಡೆಯರ ಮಾತು ಕೇಳಬೇಕು ಅನ್ನುವ ವಾಕ್ಯವನ್ನು ಅಮೆರಿಕದ ಗುಲಾಮರ ಯಜಮಾನರು ಬೋಧಿಸಿದರು. ಗುಲಾಮರು ಅದೇ ಬೈಬಲಿನಿಂದ ಮೋಶೆ ಜನರನ್ನು ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಬಿಡಿಸಿದ ಕತೆ ಹಾಡಿದರು. ಆಳು ಒಡೆಯ, ಗಂಡು ಹೆಣ್ಣು ಎಂಬ ಭೇದವಿಲ್ಲ ಅಂತ ಗಲಾತ್ಯದವರಿಗೆ ಬರೆದ ಪತ್ರ ಹೇಳುತ್ತದೆ. ಅದನ್ನು ಭಾನುವಾರ ಓದಿ, ಮದುವೆ ಮಾತು ಬಂದಾಗ ಜಾತಿ ಕೇಳುವ ಮನೆಗಳು ನಮ್ಮಲ್ಲೂ ಇವೆ. ಒಂದು ವಾಕ್ಯವನ್ನು ಇನ್ನೊಂದರ ಪಕ್ಕ ಇಟ್ಟು, ನಾಲ್ಕು ಜನರ ಜೊತೆ ಕೂತು ಓದಿದಾಗ ಮಾತ್ರ ಅದು ದಾರಿ ತೋರಿಸುತ್ತದೆ ಅನ್ನುವುದು ನನ್ನ ಅನಿಸಿಕೆ. ಕ್ಯಾಥೊಲಿಕರಲ್ಲಿ ಇದು ನಿಧಾನವಾಗಿ ಬಂತು. ಬಳ್ಳಾರಿ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪನ ಸೀಮೆ, ಆದದ್ದು 1949ರಲ್ಲಿ. ಪೂಜೆ ಆಗ ಲ್ಯಾಟಿನ್‌ನಲ್ಲಿ. 1965ರಲ್ಲಿ ಮುಗಿದ ಎರಡನೇ ವ್ಯಾಟಿಕನ್ ಮಹಾಸಭೆ ಶಾಸ್ತ್ರ ಎಲ್ಲ ಜನರ ಕೈಗೂ ಸಿಗಬೇಕು ಅಂದಿತು.

ಅಜ್ಜಿ ತೀರಿಕೊಂಡ ಮೇಲೆ ಅವಳ ಸತ್ಯವೇದ ನನಗೆ ಬಂತು. ಕಪ್ಪು ರೆಕ್ಸಿನ್ ಹೊದಿಕೆ, ಬೆನ್ನಿಗೆ ಬಿಳಿ ದಾರದ ಹೊಲಿಗೆ. ಮೊದಲ ಹಾಳೆಯಲ್ಲಿ ಮನೆಯ ಹುಟ್ಟು ಸಾವುಗಳ ತಾರೀಕು. ಒಳಗೆ ಒಂದು ರೇಷನ್ ಚೀಟಿ, ಒಣಗಿದ ಬೇವಿನ ಎಸಳು. ಒಂದು ದಿನ ಯೆರೆಮೀಯ 29 ತೆಗೆದೆ. ಅದು ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಬರೆದ ಕಾಗದ. ನನ್ನ 11ನೇ ವಚನದ ಮುಂಚೆ 10ನೇದು ಇದೆ: ಎಪ್ಪತ್ತು ವರ್ಷ ಆದ ಮೇಲೆ ನಿಮ್ಮನ್ನು ವಾಪಸ್ ಕರೆತರುತ್ತೇನೆ ಅಂತ. ಓದಿಸಿಕೊಂಡವರಲ್ಲಿ ಬಹಳ ಜನ ಅದನ್ನು ನೋಡಲು ಬದುಕಿರುವ ಹಾಗಿರಲಿಲ್ಲ.

ಅಜ್ಜಿ 11ಕ್ಕೆ ಗೆರೆ ಹಾಕಿರಲಿಲ್ಲ. ಕೆಂಪು ಪೆನ್ಸಿಲ್ ಗೆರೆ ಇದ್ದದ್ದು 5ನೇ ವಚನದ ಕೆಳಗೆ. ಇರುವ ಊರಲ್ಲೇ ಮನೆ ಕಟ್ಟಿರಿ, ತೋಟ ಮಾಡಿ ಫಲ ತಿನ್ನಿರಿ ಅಂತ ಅಲ್ಲಿದೆ. ಅಂಚಿನಲ್ಲಿ ಅವಳ ಸೊಟ್ಟ ಅಕ್ಷರ: "ಪೇರಲ ಗಿಡ ಹಚ್ಚಿದ್ದು, ಸೋಮವಾರ."