ಮೂರು, ನಾಲ್ಕು, ಮತ್ತೆ ಮೂರು: ತುಮಕೂರು ವಿಶ್ವವಿದ್ಯಾನಿಲಯದ ಪದವಿ ಸಾಗಿಬಂದ ದಾರಿ

ಪಿಯುಸಿ ಫಲಿತಾಂಶ ಬಂದ ಮೇಲೆ ತುಮಕೂರು ಜಿಲ್ಲೆಯ ಯಾವುದೇ ಪದವಿ ಕಾಲೇಜಿನ ದಾಖಲಾತಿ ಕೊಠಡಿಯ ಮುಂದೆ ಅರ್ಧ ಗಂಟೆ ನಿಂತರೂ ಸಾಕು, ಒಂದು ಪ್ರಶ್ನೆ ಖಂಡಿತ ಕೇಳಿಸುತ್ತದೆ: 'ಸಾರ್, ಈಗ ಡಿಗ್ರಿ ಮೂರು ವರ್ಷವೋ, ನಾಲ್ಕೋ?' ಮೂರು ವರ್ಷ ಎಂಬ ಉತ್ತರ ತಕ್ಷಣ ಸಿಗುತ್ತದೆ. ಆದರೆ ಅಕ್ಕ ಓದಿದ್ದು ನಾಲ್ಕು ವರ್ಷದ ಸ್ಕೀಮಿನಲ್ಲಿ, ಅವಳ ಕಾಂಬಿನೇಷನ್ ತಂಗಿಗೆ ಸಿಗುವುದಿಲ್ಲ, ಅವಳ ನೋಟ್ಸೂ ಅಷ್ಟಾಗಿ ಉಪಯೋಗಕ್ಕೆ ಬಾರದು ಎಂಬುದನ್ನು ಸರತಿಯಲ್ಲಿ ನಿಂತ ತಂದೆಗೆ ಬಿಡಿಸಿ ಹೇಳಲು ಸಿಬ್ಬಂದಿಗೆ ಪುರುಸೊತ್ತು ಇರುವುದಿಲ್ಲ. ಈ ಗೊಂದಲದ ಬೇರು ನಾಲ್ಕು ವರ್ಷದ ಸ್ಕೀಮ್ ಬಂದ 2021ಕ್ಕಿಂತ ಹಿಂದೆಯೇ ಇದೆ.

1916ರಲ್ಲಿ ಮೈಸೂರು, 1964ರಲ್ಲಿ ಬೆಂಗಳೂರು, 2004ರಲ್ಲಿ ತುಮಕೂರು. ಹಳೆಯ ಮೈಸೂರಿನ ಈ ಭಾಗದ ಉನ್ನತ ಶಿಕ್ಷಣದ ಚರಿತ್ರೆಯನ್ನು ಇಷ್ಟರಲ್ಲೇ ಹೇಳಿ ಮುಗಿಸಬಹುದು. ಬೆಂಗಳೂರು ವಿಶ್ವವಿದ್ಯಾನಿಲಯದಿಂದ ಬೇರ್ಪಟ್ಟ ತುಮಕೂರು ವಿಶ್ವವಿದ್ಯಾನಿಲಯದ ವ್ಯಾಪ್ತಿ ಒಂದೇ ಜಿಲ್ಲೆ, ಹತ್ತು ತಾಲ್ಲೂಕು. ನಗರದ ಹಳೆಯ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜುಗಳು ಅದರ ಘಟಕ ಕಾಲೇಜುಗಳಾದವು.

ವಿಶ್ವವಿದ್ಯಾನಿಲಯ ಹುಟ್ಟುವ ಹೊತ್ತಿಗೆ ಕೋರ್ಸುಗಳ ಹಂಚಿಕೆ ಆಗಲೇ ಬಹುಪಾಲು ಮುಗಿದಿತ್ತು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ವೈದ್ಯಕೀಯ ಶಿಕ್ಷಣವು 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೂ, ಎಂಜಿನಿಯರಿಂಗ್ 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೂ ಸೇರಿದ್ದವು. ಆಮೇಲೆ ಕಾನೂನು ಶಿಕ್ಷಣವೂ 2009ರಲ್ಲಿ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾನಿಲಯಕ್ಕೆ ಹೋಯಿತು. ಹಾಗಾಗಿ 1963ರಿಂದ ಬಿ.ಎಚ್. ರಸ್ತೆಯಲ್ಲಿರುವ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದ ಪದವೀಧರನ ಪ್ರಮಾಣಪತ್ರಕ್ಕೆ ಬೆಳಗಾವಿಯ ಮುದ್ರೆ ಬೀಳುತ್ತದೆ, ಅದೇ ರಸ್ತೆಯ ತುಮಕೂರು ವಿಶ್ವವಿದ್ಯಾನಿಲಯದ ಪಾಲಿಗೆ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಮತ್ತು ಅದಕ್ಕೆ ಹತ್ತಿರದ ಕೆಲವು ಕೋರ್ಸುಗಳು ಉಳಿದಿವೆ. ಹೆಚ್ಚು ಶುಲ್ಕ ತರುವ ಕೋರ್ಸುಗಳೆಲ್ಲ ಬೇರೆಯವರ ತೆಕ್ಕೆಗೆ ಹೋದ ಮೇಲೆ ಉಳಿದದ್ದನ್ನು ನಡೆಸುವ ವಿಶ್ವವಿದ್ಯಾನಿಲಯವೊಂದು ಹೊಸ ವಿಭಾಗ ತೆರೆಯಬೇಕಾದರೆ ಹತ್ತು ಸಲ ಲೆಕ್ಕ ಹಾಕಬೇಕಾಗುತ್ತದೆ.

2021ರವರೆಗಿನ ಬಿ.ಎಸ್ಸಿ. ಎಲ್ಲರಿಗೂ ಪರಿಚಿತವಾಗಿತ್ತು: ಎರಡು ಭಾಷೆ, ಸಮಾನ ತೂಕದ ಮೂರು ಐಚ್ಛಿಕ ವಿಷಯ, ಆರು ಸೆಮಿಸ್ಟರ್. ಪಿಸಿಎಂ ಎಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎಂದು ಪಾವಗಡದ ಹಳ್ಳಿಯವರಿಗೂ ಗೊತ್ತಿತ್ತು. 2021ರ ಆಗಸ್ಟ್ 7ರ ಆದೇಶದ ಮೂಲಕ ಕರ್ನಾಟಕವು ದೇಶದಲ್ಲೇ ಮೊದಲಾಗಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು (ಎನ್‌ಇಪಿ) ಪದವಿ ತರಗತಿಗಳಿಗೆ ಅಳವಡಿಸಿಕೊಂಡಿತು. ಕೋವಿಡ್‌ನಿಂದ ಕಾಲೇಜುಗಳು ಇನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಹೊಸ ಸ್ಕೀಮಿನಲ್ಲಿ ಒಂದು ವರ್ಷ ಓದಿದ್ದಕ್ಕೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಮೂರು ಐಚ್ಛಿಕಗಳ ಜಾಗದಲ್ಲಿ ಎರಡೇ ಮುಖ್ಯ ವಿಷಯ ಉಳಿದವು. ಜೊತೆಗೆ ತನ್ನ ಶಾಖೆಯ ಆಚೆಗಿನ ಒಂದು ಮುಕ್ತ ಆಯ್ಕೆಯ ವಿಷಯ, ಅಂದರೆ ಎಲ್ಲರ ಬಾಯಲ್ಲಿರುವ ಓಪನ್ ಎಲೆಕ್ಟಿವ್, ಬಂದು ಸೇರಿತು. ನೂರು ಅಂಕದಲ್ಲಿ ನಲವತ್ತು ಕಾಲೇಜಿನ ಒಳಗೇ ಕೊಡುವ ಆಂತರಿಕ ಅಂಕವಾಯಿತು.

ಕಾಗದದ ಮೇಲೆ ಇದು ಚೆನ್ನಾಗಿಯೇ ಇತ್ತು. ವಿಜ್ಞಾನ ಓದುವ ಹುಡುಗಿ ಇತಿಹಾಸವನ್ನೂ ಓದಬಹುದು ಎಂಬುದು ಯಾರಿಗೆ ಬೇಡ? ಆದರೆ ತಾಲ್ಲೂಕು ಕೇಂದ್ರದ ಕಾಲೇಜೊಂದರಲ್ಲಿ ಎಷ್ಟು ಆಯ್ಕೆ ಇದೆ ಎಂಬುದನ್ನು ತೀರ್ಮಾನಿಸುವುದು ಪಠ್ಯಕ್ರಮವಲ್ಲ, ಅಲ್ಲಿರುವ ಮೇಷ್ಟ್ರುಗಳ ಸಂಖ್ಯೆ. ಆ ವರ್ಷಗಳಲ್ಲಿ ನಾನು ಕಂಡ ಒಂದು ಸೂಚನಾ ಫಲಕದಲ್ಲಿ ಓಪನ್ ಎಲೆಕ್ಟಿವ್‌ಗಳ ಪಟ್ಟಿ ಅಚ್ಚುಕಟ್ಟಾಗಿ ಟೈಪಾಗಿತ್ತು, ಎರಡನ್ನು ಬಿಟ್ಟು ಉಳಿದ ಸಾಲುಗಳ ಮೇಲೆ ನೀಲಿ ಪೆನ್ನಿನ ಗೀಟು ಬಿದ್ದಿತ್ತು. ಉಳಿದ ಎರಡು ವಿಷಯಗಳಿಗೆ ಮಾತ್ರ ಮೇಷ್ಟ್ರು ಇದ್ದರು.

ಆ ಮೇಷ್ಟ್ರುಗಳಲ್ಲಿ ಬಹುಪಾಲು ಅತಿಥಿ ಉಪನ್ಯಾಸಕರು. ಇವರ ನೇಮಕ, ಮುಂದುವರಿಕೆ ಎರಡೂ ವಾರದ ಕಾರ್ಯಭಾರದ ಗಂಟೆಗಳ ಮೇಲೆ ನಿಂತಿವೆ. ಸ್ಕೀಮ್ ಬದಲಾದಾಗಲೆಲ್ಲ ಗಂಟೆಗಳೂ ಬದಲಾಗುತ್ತವೆ. ಮೂರು ಐಚ್ಛಿಕ ಎರಡಾದಾಗ ಒಂದು ವಿಷಯದವರ ಗಂಟೆ ಇಳಿಯುತ್ತದೆ, ಎರಡು ಮತ್ತೆ ಮೂರಾದಾಗ ಅಷ್ಟು ಹೊತ್ತಿಗೆ ಬಿಟ್ಟುಹೋದವರನ್ನು ಹುಡುಕಬೇಕಾಗುತ್ತದೆ. 2023ರ ಕೊನೆಯಲ್ಲಿ ಸೇವಾ ಕಾಯಮಾತಿಗಾಗಿ ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರು ರಾಜ್ಯದಾದ್ಯಂತ ತರಗತಿ ಬಹಿಷ್ಕರಿಸಿ, 2024ರ ಆರಂಭದಲ್ಲಿ ತುಮಕೂರಿನಿಂದಲೇ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಪಾಠ ನಿಂತ ಆ ವಾರಗಳನ್ನು ಯಾವ ಸ್ಕೀಮಿನ ಕ್ರೆಡಿಟ್ಟಿನಲ್ಲೂ ಕಳೆದಿಲ್ಲ, ಕೂಡಿಸಿಲ್ಲ.

ಪ್ರವೇಶದಿಂದ ಅಂಕಪಟ್ಟಿಯವರೆಗಿನ ಕೆಲಸವೆಲ್ಲ ರಾಜ್ಯದ ಏಕೀಕೃತ ತಂತ್ರಾಂಶಕ್ಕೆ ಹೋದದ್ದೂ ಈ ಅವಧಿಯಲ್ಲೇ. ಫಲಿತಾಂಶ ತಡವಾಗುತ್ತಿದೆ, ಮುಂದಿನ ಸೆಮಿಸ್ಟರಿನ ಶುಲ್ಕ ಕಟ್ಟುವ ದಿನ ಬಂದರೂ ಹಿಂದಿನದರಲ್ಲಿ ಪಾಸೋ ಫೇಲೋ ತಿಳಿಯುತ್ತಿಲ್ಲ ಎಂಬ ದೂರು ವಿದ್ಯಾರ್ಥಿಗಳಿಂದ ಮೇಲಿಂದ ಮೇಲೆ ಬಂತು.

2023ರ ಅಕ್ಟೋಬರಿನಲ್ಲಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ (ಎಸ್‌ಇಪಿ) ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯ ಆಧಾರದ ಮೇಲೆ 2024ರ ಮೇ 8ರಂದು ಮೂರು ವರ್ಷದ ಪದವಿಗೆ ಮರಳುವ ಆದೇಶ ಹೊರಬಿತ್ತು. ಹೀಗಾಗಿ 2024-25ರಲ್ಲಿ ಒಂದೇ ಕಾಲೇಜಿನ ಮೊದಲ ವರ್ಷದವರು ಎಸ್‌ಇಪಿ, ಎರಡು ಮತ್ತು ಮೂರನೆಯ ವರ್ಷದವರು ಎನ್‌ಇಪಿ ಬ್ಯಾಚ್ ಆದರು. ಎನ್‌ಇಪಿಯವರಿಗೆ ನಾಲ್ಕನೆಯ ವರ್ಷದ ಆನರ್ಸ್ ಬಾಗಿಲನ್ನು ತೆರೆದೇ ಇಡಲಾಯಿತು. ಪ್ರಯೋಗಾಲಯವೂ ಬೋಧಕರೂ ಸಾಲದ ಊರುಗಳಲ್ಲಿ ಆ ಬಾಗಿಲು ಇದ್ದೂ ಇಲ್ಲದಂತೆ. ಎರಡೇ ವಿಷಯ ಹಿಡಿದು ರಸಾಯನಶಾಸ್ತ್ರ ಬಿಟ್ಟಿದ್ದ ಹುಡುಗ ಎಂ.ಎಸ್ಸಿ. ರಸಾಯನಶಾಸ್ತ್ರದ ಅರ್ಜಿ ತುಂಬುವಾಗ ಮಾತ್ರ ತಾನು ಮೊದಲ ಸೆಮಿಸ್ಟರಿನಲ್ಲಿ ಏನನ್ನು ಬಿಟ್ಟುಕೊಟ್ಟೆ ಎಂದು ತಿಳಿದುಕೊಂಡ. ಅವನ ತಮ್ಮನ ಬ್ಯಾಚಿಗೆ ಮೂರು ವಿಷಯ ವಾಪಸಾಗಿವೆ.

ಓದಿನ ಆಚೆಗಿನ ಅವಕಾಶಗಳ ಕಥೆ ಇದಕ್ಕಿಂತ ಬೇರೆಯಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶವಿದೆ. ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ತಿಪಟೂರಿನ ಎಪಿಎಂಸಿಯಲ್ಲಿ ಕೊಬ್ಬರಿ ಹರಾಜಿನ ದಿನ ಬೆಲೆ ಹೇಗೆ ಏರಿಳಿಯುತ್ತದೆ ಎಂಬುದು ಯಾವ ಬಿ.ಕಾಂ. ಪಠ್ಯಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ. ಇಷ್ಟೆಲ್ಲ ಕಣ್ಣೆದುರಿಗಿದ್ದೂ ಇಲ್ಲಿನ ಪದವೀಧರ ಕೆಲಸ ಹುಡುಕುವುದು ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, ಬೆಳಗಿನ ರೈಲಿನ ಸೀಸನ್ ಟಿಕೆಟ್ ಹಿಡಿದು. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಹಳ್ಳಿಯ ಹೆಣ್ಣುಮಕ್ಕಳನ್ನು ಕಾಲೇಜಿನವರೆಗೆ ತಲುಪಿಸಿದೆ, ಅದು ನಿಜವಾದ ಲಾಭ. ಪ್ರಯೋಗಾಲಯದ ಅವಧಿ ಮುಗಿಯುವುದಕ್ಕೂ ಊರಿನ ಕೊನೆಯ ಬಸ್ಸಿಗೂ ಹೊಂದಾಣಿಕೆ ಮಾಡಿಕೊಳ್ಳುವುದು ಮಾತ್ರ ಈಗಲೂ ಅವರದೇ ಜವಾಬ್ದಾರಿ.

2024ರಲ್ಲಿ ಸೇರಿದವರು 2027ರಲ್ಲಿ ಪದವಿ ಮುಗಿಸುತ್ತಾರೆ. ಐದನೆಯ ಸೆಮಿಸ್ಟರಿನಲ್ಲಿ ಅವರಿಗೂ ಒಂದು ವಿಷಯದಲ್ಲಿ ವಿಶೇಷ ಅಧ್ಯಯನ ಮಾಡುವ ಆಯ್ಕೆ ಕೊಡಬೇಕೆಂದಿದೆ. ಸೂಚನಾ ಫಲಕದಲ್ಲಿ ಆ ಪಟ್ಟಿ ಬಂದಾಗ ನೀಲಿ ಗೀಟು ಬೀಳದೆ ಎಷ್ಟು ಸಾಲು ಉಳಿಯುತ್ತವೆ ಎಂಬುದು ಆ ವರ್ಷ ಅತಿಥಿ ಉಪನ್ಯಾಸಕರ ಪಟ್ಟಿ ಯಾವ ತಿಂಗಳಲ್ಲಿ ಹೊರಬೀಳುತ್ತದೆ ಎಂಬುದನ್ನು ಅವಲಂಬಿಸಿದೆ.