ನನ್ನನ್ನೇ ನಾನು ಹಿಡಿತದಲ್ಲಿ ಇಟ್ಕೊಂಡಿಲ್ಲ, ಬೇರೆಯವರನ್ನ ಹೇಗೆ ನಡೆಸ್ಲಿ?

ಪ್ರಶ್ನೆ: "ಹೋದ ತಿಂಗಳು ನನ್ನನ್ನ ಟೀಮ್ ಲೀಡ್ ಮಾಡಿದ್ರು, ಕೆಳಗೆ ಆರು ಜನ. ಬೆಳಿಗ್ಗೆ ಅಲಾರಾಂ ಆಫ್ ಮಾಡಿ ಮತ್ತೆ ಮಲಗೋನು ನಾನು, ಒಂದು ಮೇಲ್‌ಗೆ ರಿಪ್ಲೈ ಮಾಡೋಕೆ ಎರಡು ದಿನ ಎಳೆಯೋನು ನಾನು. ಇವರಿಗೆ ಟೈಮಿಗೆ ಸರಿಯಾಗಿ ಕೆಲಸ ಮುಗಿಸಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಮೊದಲು ನಾನು ಸರಿಹೋಗಿ ಆಮೇಲೆ ಈ ಜವಾಬ್ದಾರಿ ಒಪ್ಕೋಬೇಕಿತ್ತಾ?"

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾನೇ ಇರುತ್ತೆ. ಸಂಘಕ್ಕೆ ಹೊಸದಾಗಿ ಅಧ್ಯಕ್ಷೆ ಆದವರು ಕೇಳ್ತಾರೆ, ಈಗ ತಾನೇ ಹೆಡ್‌ಮಾಸ್ಟರ್ ಆದವರು ಕೇಳ್ತಾರೆ, ಮಕ್ಕಳಿಗೆ ಮೊಬೈಲ್ ಬಿಡು ಅಂತ ಹೇಳಿ ತಾವು ರಾತ್ರಿ ಹನ್ನೆರಡರವರೆಗೂ ರೀಲ್ಸ್ ನೋಡೋ ಅಪ್ಪ ಅಮ್ಮಂದಿರೂ ಕೇಳ್ತಾರೆ. ಪೂರ್ತಿ ಸರಿಹೋಗೋವರೆಗೂ ಕಾಯೋದು ಬೇಡ, ಹಾಗೆ ಕಾಯ್ತಾ ಕೂತ್ರೆ ಯಾವ ಕೆಲಸನೂ ಶುರುವಾಗಲ್ಲ. ಆದ್ರೆ ನೀವು ಒಂದು ರೂಲ್ ಹಾಕಿದ್ರೆ ಅದು ಮೊಟ್ಟಮೊದಲು ನಿಮ್ಮ ಮೇಲೇ ಬೀಳಬೇಕು, ಅದೂ ಎಲ್ಲರ ಕಣ್ಣೆದುರಿಗೆ. ನನ್ನ ಪ್ರಕಾರ ತನ್ನನ್ನ ತಾನು ನಡೆಸ್ಕೊಳ್ಳೋದು ಅಂದ್ರೆ ಇಷ್ಟೇ, ಆದ್ರೆ ಈ ಇಷ್ಟೇ ಅನ್ನೋದು ಎಷ್ಟು ಕಷ್ಟ ಅಂತ ಗೊತ್ತಾಗೋಕೆ ಗಾಂಧೀಜಿಯ ದಂಡಿ ಯಾತ್ರೆಯನ್ನ ಸ್ವಲ್ಪ ಹತ್ತಿರದಿಂದ ನೋಡ್ಬೇಕು. ಸ್ಕೂಲಲ್ಲಿ ನಾವೆಲ್ಲ ಓದಿದ್ದು ಉಪ್ಪಿನ ಕಥೆ ಮಾತ್ರ.

ಕಥೆ ಶುರುವಾಗೋದು ಆ ಯಾತ್ರೆಗೂ ಎಂಟು ವರ್ಷ ಹಿಂದಿನಿಂದ. 1922ರ ಫೆಬ್ರವರಿ ಮೊದಲ ವಾರ, ಅಸಹಕಾರ ಚಳವಳಿ ಜೋರಾಗಿ ನಡೀತಿತ್ತು, ಗುಜರಾತಿನ ಬಾರ್ಡೋಲಿಯಲ್ಲಿ ಕರನಿರಾಕರಣೆಗೆ ಎಲ್ಲ ತಯಾರಿ ಆಗಿತ್ತು. ಅಷ್ಟರಲ್ಲಿ ಗೋರಖ್‌ಪುರ ಜಿಲ್ಲೆಯ ಚೌರಿಚೌರಾದಲ್ಲಿ ಪೊಲೀಸರು ಗುಂಡು ಹಾರಿಸಿದ್ರು, ಸಿಟ್ಟಿಗೆದ್ದ ಜನ ಠಾಣೆಗೆ ಬೆಂಕಿ ಇಟ್ರು, ಇಪ್ಪತ್ತಕ್ಕೂ ಹೆಚ್ಚು ಪೊಲೀಸರು ಸತ್ತರು. ಗಾಂಧೀಜಿ ಇಡೀ ದೇಶದ ಚಳವಳಿಯನ್ನೇ ನಿಲ್ಲಿಸಿಬಿಟ್ರು. ಜೈಲಲ್ಲಿದ್ದ ಮೋತಿಲಾಲ್ ನೆಹರೂ, ಲಜಪತರಾಯರಂಥ ದೊಡ್ಡವರಿಗೇ ಇದು ಅರ್ಥ ಆಗ್ಲಿಲ್ಲ, ಕೋಪಾನೂ ಬಂತು. ಎಲ್ಲೋ ದೂರದ ಒಂದೂರಿನ ಜನ ಮಾಡಿದ್ದಕ್ಕೆ ಇಡೀ ದೇಶ ಯಾಕೆ ನಿಲ್ಲಬೇಕು ಅನ್ನೋದು ನ್ಯಾಯವಾದ ಪ್ರಶ್ನೆಯೇ, ನಾನು ಅಲ್ಲಗಳೆಯಲ್ಲ. ಆದ್ರೆ ಗಾಂಧೀಜಿ ಅಷ್ಟಕ್ಕೇ ಸುಮ್ಮನಾಗದೆ ಐದು ದಿನ ಉಪವಾಸ ಕೂತ್ರು. ಬೆಂಕಿ ಇಟ್ಟವರು ಯಾರೋ, ಇವರು ಸ್ಥಳದಲ್ಲೇ ಇರ್ಲಿಲ್ಲ, ಆದ್ರೂ ನನ್ನ ಕರೆಗೆ ಬಂದ ಜನ ತಪ್ಪು ಮಾಡಿದ್ರೆ ಲೆಕ್ಕ ನನ್ನ ಖಾತೆಗೇ ಅಂತ ಒಪ್ಕೊಂಡ್ರು. ನಮ್ಮ ಆಫೀಸುಗಳಲ್ಲಿ ಪ್ರಾಜೆಕ್ಟ್ ಡಿಲೇ ಆದಾಗ ಲೀಡ್ ಆದವರು ಮೇಲಿನವರ ಮುಂದೆ ಏನು ಹೇಳ್ತಾರೆ ಅಂತ ನಿಮಗೇ ಗೊತ್ತು.

ಈಗ 1930ಕ್ಕೆ ಬನ್ನಿ. ಉಪ್ಪಿನ ಕಾಯ್ದೆ ಮುರೀತೀನಿ ಅಂತ ತೀರ್ಮಾನ ಆಯ್ತು, ಕರೆ ಕೊಟ್ಟಿದ್ರೆ ಲಕ್ಷಗಟ್ಟಲೆ ಜನ ಹಿಂದೆ ಬರೋರು. ಆದ್ರೆ ಆಶ್ರಮದವರು ಮತ್ತು ಆಶ್ರಮದ ಶಿಸ್ತಿಗೆ ಒಪ್ಪಿದವರು ಇವರಿಂದಲೇ ಚಳವಳಿ ಶುರು ಮಾಡ್ತೀನಿ ಅಂತ ಗಾಂಧೀಜಿ ಮೊದಲೇ ಬರೆದು ಹೇಳಿದ್ರು. ಮಾರ್ಚ್ 12ಕ್ಕೆ ಸಾಬರಮತಿಯಿಂದ ಹೊರಟಾಗ ಅವರ ಜೊತೆ ಇದ್ದವರು 78 ಜನ. ಇವರೇನು ದೊಡ್ಡ ಭಾಷಣಕಾರರಲ್ಲ, ನಸುಕಿಗೇ ಎದ್ದು ಪ್ರಾರ್ಥನೆ ಮಾಡಿ, ಕಕ್ಕಸು ತೊಳೆದು, ನೂಲು ತೆಗೆದು, ಅಡುಗೆಮನೆ ಪಾಳಿ ಮಾಡಿ ಪಳಗಿದ ಜನ. ದಾರಿಯಲ್ಲೂ ಮೂರು ಕೆಲಸ ಯಾರಿಗೂ ತಪ್ಪಂಗಿಲ್ಲ: ಪ್ರಾರ್ಥನೆ, ನೂಲುವುದು, ದಿನಚರಿ ಬರೆಯೋದು. ದಿನಾ ಅಷ್ಟು ದೂರ ಬಿಸಿಲಲ್ಲಿ ನಡೆದು ಬಂದಮೇಲೂ ಕೂತು ನೂಲಬೇಕು, ಬರೀಬೇಕು, ಕಾಲು ಬೊಬ್ಬೆ ಬಂದ್ರೂ ಅದಕ್ಕೆ ರಜೆ ಇಲ್ಲ, ಮುದುಕರಾದ ಗಾಂಧೀಜಿಗೂ ಇಲ್ಲ.

ಆ ತಂಡದಲ್ಲಿ ಕರ್ನಾಟಕದಿಂದ ಇದ್ದದ್ದು ಒಬ್ಬರೇ, ಹಾವೇರಿ ಕಡೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ. ಹುಟ್ಟಿದ್ದು 1911ರಲ್ಲಿ, ಅಂದ್ರೆ ಆಗಿನ್ನೂ ಇಪ್ಪತ್ತು ತುಂಬಿರ್ಲಿಲ್ಲ. ಜೈಲಿಗೆ ಹೋಗಿ ಬಂದು, ಊರ ಕಡೆ ಕೊರಡೂರಲ್ಲಿ ಸೇವಾಶ್ರಮ ಕಟ್ಟಿ ಅಲ್ಲಿನ ಹುಡುಗರನ್ನ ಮುನ್ನಡೆಸಿದ್ರು, ಕೊನೆಗೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದ್ರು. ದಂಡಿಗೆ ನಡೆದಾಗ ಅವರು ಯಾರಿಗೂ ಲೀಡರ್ ಅಲ್ಲ ಅನ್ನೋದನ್ನ ಗಮನಿಸಿ, ಸಾಲಲ್ಲಿ ಒಬ್ಬರು ಅಷ್ಟೇ. ಅಲ್ಲಿ ಮೈಗೂಡಿದ್ದನ್ನ ಆಮೇಲೆ ಊರಿಗೆ ತಂದ್ರು.

ಇಡೀ ಯಾತ್ರೆಯಲ್ಲಿ ಎಲ್ಲರೂ ನೆನಪಿಟ್ಕೊಳ್ಳೋದು ಏಪ್ರಿಲ್ 6ರ ಬೆಳಿಗ್ಗೆ ಉಪ್ಪು ಎತ್ತಿದ ಗಳಿಗೆ. ನನಗೆ ಅದಕ್ಕಿಂತ ದೊಡ್ಡದು ಅನ್ಸೋದು ಮಾರ್ಚ್ 29, ಸೂರತ್ ಹತ್ತಿರದ ಭಟ್‌ಗಾಮ್ ಅನ್ನೋ ಹಳ್ಳಿ. ಹೊರಡೋಕೆ ಮುಂಚೆ ಗಾಂಧೀಜಿ ವೈಸ್‌ರಾಯ್ ಇರ್ವಿನ್‌ಗೆ ಕಾಗದ ಬರೆದಿದ್ರು, ನಿಮ್ಮ ಸಂಬಳ ತಿಂಗಳಿಗೆ 21,000 ರೂಪಾಯಿಗೂ ಮೇಲೆ, ನಮ್ಮ ಜನರ ಸರಾಸರಿ ಆದಾಯ ದಿನಕ್ಕೆ ಎರಡಾಣೆನೂ ಇಲ್ಲ ಅಂತ. ಇಂಥ ಲೆಕ್ಕ ಕೇಳಿದ ಮನುಷ್ಯನಿಗೆ ದಾರಿಯಲ್ಲಿ ಗೊತ್ತಾಗುತ್ತೆ, ತಮ್ಮ ತಂಡಕ್ಕೆ ಹಾಲು ತರೋಕೆ ಸೂರತ್‌ಗೆ ಮೋಟಾರು ಲಾರಿ ಹೋಗಿಬಂದಿದೆ. ಅದಲ್ಲದೆ ಕತ್ತಲಲ್ಲಿ ನಡೆಯುವಾಗ ಬೆಳಕಿಗೆ ಅಂತ ಒಬ್ಬ ಕೂಲಿಯವನ ತಲೆ ಮೇಲೆ ಒಂದು ಸ್ಟೂಲು, ಅದರ ಮೇಲೆ ಭಾರದ ಸೀಮೆಎಣ್ಣೆ ದೀಪ, ಅವನನ್ನ ಬೇಗ ಬೇಗ ನಡಿ ಅಂತ ದಬಾಯಿಸ್ತಿದಾರೆ. ಗಾಂಧೀಜಿಗೆ ನೋಡೋಕಾಗ್ಲಿಲ್ಲ, ಸರಸರ ಹೆಜ್ಜೆ ಹಾಕಿ ಎಲ್ಲರನ್ನೂ ದಾಟಿ ಮುಂದೆ ಹೋದ್ರು. ಆಗೇನಾಯ್ತು, ಇವರಿಗೆ ಬೆಳಕು ಬೇಕಲ್ಲ ಅಂತ ಆ ಬಡಪಾಯಿಯನ್ನೇ ಇವರ ಹಿಂದೆ ಓಡಿಸಿದ್ರು.

ಭಟ್‌ಗಾಮ್ ಸಭೆಯಲ್ಲಿ ಅವರು ಇದನ್ನೇ ಎತ್ತಿದ್ರು. ತಂಡದವರನ್ನ ಪಕ್ಕಕ್ಕೆ ಕರೆದು ಬೈಯಬಹುದಿತ್ತು, ಪ್ರೆಸ್‌ನವರಿಗೆ ಗೊತ್ತಾಗದ ಹಾಗೆ ಮುಚ್ಚಿಹಾಕಬಹುದಿತ್ತು, ಜಗತ್ತಿನ ಕಣ್ಣೆಲ್ಲ ಆ ಯಾತ್ರೆ ಮೇಲಿದ್ದ ಸಮಯ ಅದು. ಹಾಗೆ ಮಾಡದೆ ಊರವರ ಮುಂದೆ ನಿಂತು, ನಾವೇ ಹೀಗೆ ಖರ್ಚು ಮಾಡ್ತಾ ಇದ್ರೆ ವೈಸ್‌ರಾಯ್ ಸಂಬಳದ ಬಗ್ಗೆ ಮಾತಾಡೋ ಹಕ್ಕು ನನಗೆಲ್ಲಿದೆ ಅನ್ನೋ ಅರ್ಥದಲ್ಲಿ ಮಾತಾಡಿದ್ರು, ಆ ಭಾರ ಹೊರಲೇಬೇಕಿದ್ರೆ ನಮ್ಮಲ್ಲೇ ಒಬ್ಬರು ಹೊರಬೇಕಿತ್ತು ಅಂದ್ರು. ಪುರಾಣ ಹೇಳೋಕೆ ಬದನೆಕಾಯಿ ತಿನ್ನೋಕೆ ಅನ್ನೋ ಮಾತನ್ನ ನಾವು ಬೇರೆಯವರ ಕಡೆ ಎಸೀತೀವಿ, ಇವರು ಅಂಥದ್ದನ್ನ ತಮ್ಮ ಕಡೆಗೇ ತಿರುಗಿಸ್ಕೊಂಡ್ರು. ಅಷ್ಟು ವರ್ಷದ ವ್ರತ, ಆಶ್ರಮ ಎಲ್ಲ ಇದ್ದೂ ಅವರ ಯಾತ್ರೆ ಅರ್ಧದಾರಿಯಲ್ಲಿ ಜಾರಿತ್ತು, ಜಾರಿದ್ದನ್ನ ಅವರು ನಡೀತಾ ನಡೀತಾನೇ ಸರಿಮಾಡಿದ್ರು. ಅದಕ್ಕೇ ನಿಮಗೆ ಹೇಳ್ತಿರೋದು, ಮೊದಲು ಸರಿಹೋಗಿ ಆಮೇಲೆ ಒಪ್ಕೋಬೇಕಿತ್ತಾ ಅಂತ ಕೊರಗ್ಬೇಡಿ.

ಹಾಗಿದ್ರೆ ಏನ್ ಮಾಡೋದು. ಟೀಮಿಂದ ನೀವು ಏನೇನು ಬಯಸ್ತೀರೋ ಅದರಲ್ಲಿ ಒಂದೇ ಒಂದು ಆರಿಸ್ಕೊಳ್ಳಿ, ನಿಮ್ಮ ವಿಷಯದಲ್ಲಿ ಅದು ರಿಪ್ಲೈ ಮಾಡೋದೇ ಇರಲಿ. ಬಂದ ಮೇಲ್‌ಗೆ ಅವತ್ತೇ ಒಂದು ಸಾಲಾದ್ರೂ ಉತ್ತರ, "ನೋಡ್ದೆ, ಗುರುವಾರ ಹೇಳ್ತೀನಿ" ಅಂತಿದ್ರೂ ಸಾಕು. ಇದನ್ನ ಮನಸ್ಸಲ್ಲೇ ಸಂಕಲ್ಪ ಮಾಡಿ ಬಿಡಬೇಡಿ, ಆರು ಜನರ ಮುಂದೆ ಬಾಯಿಬಿಟ್ಟು ಹೇಳಿ: "ಇದರಲ್ಲಿ ನಾನು ಹಿಂದೆ, ಇವತ್ತಿಂದ ಇದು ನನಗೆ ರೂಲ್, ತಪ್ಪಿದ್ರೆ ನೆನಪಿಸಿ." ಅವರಿಗೆ ಅದೇ ರೂಲ್ ಹಾಕೋದು ಆಮೇಲೆ, ನೀವು ಕೆಲವು ವಾರ ನಡೆಸಿ ತೋರಿಸಿದ ಮೇಲೆ. ನೆನಪಿಸಿದವರ ಮೇಲೆ ಮುಖ ಸಿಂಡರಿಸಬೇಡಿ, ಒಂದು ಸಲ ಹಾಗೆ ಮಾಡಿದ್ರೆ ಅವರು ಮತ್ತೆ ಯಾವತ್ತೂ ನಿಮಗೆ ನಿಜ ಹೇಳಲ್ಲ, ಎದುರಿಗೆ ಸರಿ ಸಾರ್ ಅಂತಾರೆ, ಟೀ ಅಂಗಡಿಯಲ್ಲಿ ಬೇರೆ ಮಾತಾಡ್ಕೊತಾರೆ.

ದಿನಚರಿ ಬರೆಯೋದೂ ಸುಮ್ಮನೆ ಅಲ್ಲ. ಮಲಗೋ ಮುಂಚೆ ಎರಡೇ ಸಾಲು, ಇವತ್ತು ಯಾರಿಗೆ ಏನು ಮಾತು ಕೊಟ್ಟೆ, ಎಷ್ಟು ಉಳಿಸ್ಕೊಂಡೆ, ಎಲ್ಲಿ ಸಿಟ್ಟು ಬಂತು. ನಮ್ಮ ನೆನಪು ಯಾವಾಗಲೂ ನಮ್ಮ ಪರ ವಕಾಲತ್ತು ಮಾಡುತ್ತೆ, ಬರೆದಿಟ್ರೆ ಮಾತ್ರ ಸತ್ಯ ಉಳಿಯುತ್ತೆ. ಹಾಗಂತ ತಪ್ಪಿದ ದಿನ ನಿಮ್ಮನ್ನ ನೀವೇ ಬೈಕೊಂಡು ಕೂರಬೇಡಿ, ತನ್ನ ಮೇಲೆ ತಾನು ಕ್ರೂರವಾಗಿರೋರು ಸ್ವಲ್ಪ ದಿನದಲ್ಲೇ ಕೆಳಗಿನವರ ಮೇಲೂ ಕ್ರೂರವಾಗ್ತಾರೆ, ಇದನ್ನ ನಾನು ಒಳ್ಳೊಳ್ಳೆ ಜನರಲ್ಲೇ ನೋಡಿದೀನಿ.

ಇದೆಲ್ಲ ಕೆಲಸ ಮಾಡ್ತಿದೆಯಾ ಅಂತ ಗೊತ್ತಾಗೋದು ನೀವು ಎದುರಿಗೆ ಇಲ್ಲದಾಗ. ಮೇ ಮೊದಲ ವಾರದಲ್ಲಿ ಗಾಂಧೀಜಿಯನ್ನ ಮಧ್ಯರಾತ್ರಿ ಬಂಧಿಸಿದ್ರು, ಅವರ ಜಾಗಕ್ಕೆ ಬಂದ ಅಬ್ಬಾಸ್ ತಯಬ್ಜಿಯವರನ್ನೂ ಒಳಗೆ ಹಾಕಿದ್ರು. ಮೇ 21ಕ್ಕೆ ಧರಾಸನದ ಉಪ್ಪಿನ ಕೋಠಿಗೆ ಸರೋಜಿನಿ ನಾಯ್ಡು ಮುಂದಾಳತ್ವದಲ್ಲಿ ಸ್ವಯಂಸೇವಕರು ಸಾಲು ಸಾಲಾಗಿ ನಡೆದು ಹೋದ್ರು, ತಲೆ ಮೇಲೆ ಲಾಠಿ ಬೀಳ್ತಿತ್ತು, ಏಟು ತಡೆಯೋಕೂ ಒಬ್ಬರೂ ಕೈ ಎತ್ತಲಿಲ್ಲ ಅಂತ ಕಣ್ಣಾರೆ ಕಂಡ ಅಮೆರಿಕದ ಪತ್ರಕರ್ತ ವೆಬ್ ಮಿಲ್ಲರ್ ಜಗತ್ತಿಗೆ ಬರೆದ್ರು. ಚೌರಿಚೌರಾ ಆಗಿ ಎಂಟು ವರ್ಷ ಆಗಿತ್ತು.

ನಿಮ್ಮ ಟೀಮಿಗೆ ಅಂಥ ಪರೀಕ್ಷೆ ಬರಲ್ಲ, ಬರೋದೂ ಬೇಡ. ಮೂರ್ನಾಲ್ಕು ತಿಂಗಳು ಕಳೆದ ಮೇಲೆ ಎರಡು ದಿನ ರಜೆ ಹಾಕಿ ಊರಿಗೆ ಹೋಗಿ, ಮಧ್ಯೆ ಫೋನ್ ಮಾಡಿ ವಿಚಾರಿಸಬೇಡಿ, ವಾಪಸ್ ಬಂದು ಆ ಎರಡು ದಿನದ ಮೇಲ್‌ಗಳಿಗೆ ಎಷ್ಟಕ್ಕೆ ಅವತ್ತವತ್ತೇ ಉತ್ತರ ಹೋಗಿದೆ ಅಂತ ನೋಡಿ.