ಪಿಂಗ್ ಹೋಗದಿದ್ದರೆ ನೆಟ್ ಇಲ್ಲ ಅಂತಲ್ಲ

ಕಾಲೇಜಿನ ಲ್ಯಾಬ್, ಸಹಕಾರ ಸಂಘ, ಆಡಿಟರ್ ಆಫೀಸು, ಇಂಥ ಕಡೆಗಳಲ್ಲಿ ಒಂದೇ ಫೈಬರ್ ಲೈನನ್ನು ಪ್ರಾಕ್ಸಿ ಸರ್ವರ್ ಮೂಲಕ ಎಲ್ಲ ಕಂಪ್ಯೂಟರ್‌ಗಳಿಗೂ ಹಂಚಿರುತ್ತಾರೆ. ಅಲ್ಲಿಂದ ಬರುವ ಫೋನ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಸಾರ್, ಸರ್ವರ್‌ನಲ್ಲಿ ನೆಟ್ ಬರ್ತಿದೆ, ಮಿಕ್ಕ ಯಾವುದರಲ್ಲೂ ಇಲ್ಲ. ಪಿಂಗ್ ಮಾಡಿ ನೋಡಿದ್ವಿ, ಗೂಗಲ್‌ಗೆ ಹೋಗ್ತಾನೇ ಇಲ್ಲ."

ಪಿಂಗ್ ಅಂದರೆ ಇನ್ನೊಂದು ಕಂಪ್ಯೂಟರ್ ಉತ್ತರ ಕೊಡುತ್ತದಾ ಅಂತ ಕೂಗಿ ನೋಡುವ ಕಮಾಂಡ್. ಅದರ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ರಾಕ್ಸಿ ಇರುವ ಲ್ಯಾಬಿನಲ್ಲಿ ಎಲ್ಲವೂ ಸರಿಯಿರುವ ದಿನವೂ ಪಿಂಗ್ ಹೋಗದೇ ಇರಬಹುದು. ಪ್ರಾಕ್ಸಿ ಅಂದರೆ ಸಂತೆಗೆ ಹೊರಟವರ ಕೈಗೆ ಚೀಟಿ ಕೊಟ್ಟು ಸಾಮಾನು ತರಿಸಿದ ಹಾಗೆ. ಚೀಟಿ ಬರೆದವರಿಗೆ ಸಂತೆಯ ದಾರಿ ಗೊತ್ತಿರಬೇಕು ಅಂತೇನಿಲ್ಲ. ಬ್ರೌಸರ್ ಸೈಟಿನ ಹೆಸರನ್ನು ಹಾಗೇ ಪ್ರಾಕ್ಸಿಗೆ ಒಪ್ಪಿಸುತ್ತದೆ. ಆ ಹೆಸರಿನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ನಂಬರು) ಹುಡುಕುವ ಡಿಎನ್ಎಸ್ ಕೆಲಸ ಸರ್ವರ್‌ನದು. ಪಿಂಗ್ ಹಾಗಲ್ಲ. ಅದು ವೆಬ್ ಪ್ರಾಕ್ಸಿ ಮೂಲಕ ಹೋಗುವುದೇ ಇಲ್ಲ, ನೇರವಾಗಿ ಹೊರಗೆ ದಾರಿ ಹುಡುಕುತ್ತದೆ. ದಾರಿ ಕೊಟ್ಟಿಲ್ಲದ ಕಡೆ ಸೋಲುತ್ತದೆ. ಅದನ್ನು ನೋಡಿ ಹೆದರಿ ಐಪಿ, ಗೇಟ್‌ವೇ (ಹೊರಗೆ ಹೋಗುವ ಬಾಗಿಲಿನ ವಿಳಾಸ), ಡಿಎನ್ಎಸ್ ಎಲ್ಲ ಬದಲಾಯಿಸುತ್ತಾ ಹೋದರೆ, ಮೊದಲು ಒಂದೇ ತೊಂದರೆ ಇದ್ದ ಲ್ಯಾಬಿನಲ್ಲಿ ಸಂಜೆ ಹೊತ್ತಿಗೆ ನಾಲ್ಕು ಇರುತ್ತವೆ. ಮಕ್ಕಳ ಪ್ರಾಕ್ಟಿಕಲ್ ಕ್ಲಾಸು ಹಾಳಾಗುವುದು ಹೀಗೇ.

ಇಲ್ಲಿ ಎರಡು ಬೇರೆ ಬೇರೆ ಕನೆಕ್ಷನ್ ಇವೆ. ಕಂಪ್ಯೂಟರ್‌ನಿಂದ ಪ್ರಾಕ್ಸಿಗೆ ಒಂದು, ಪ್ರಾಕ್ಸಿಯಿಂದ ಸೈಟಿಗೆ ಇನ್ನೊಂದು. ಯಾವುದು ಕೈಕೊಟ್ಟಿದೆ ಅಂತ ತಿಳಿಯುವವರೆಗೆ ಒಂದು ಸೆಟ್ಟಿಂಗನ್ನೂ ಮುಟ್ಟಬೇಡಿ.

ಕ್ರೋಮ್ ತೋರಿಸುವ ಎರರನ್ನು ಓದಿದರೇ ಅರ್ಧ ಗೊತ್ತಾಗುತ್ತದೆ. "ಪ್ರಾಕ್ಸಿ ಕನೆಕ್ಷನ್ ಫೇಲ್ಡ್" ಅಂತಿದ್ದರೆ ಕಂಪ್ಯೂಟರ್ ಪ್ರಾಕ್ಸಿವರೆಗೂ ಮುಟ್ಟಿಲ್ಲ. "ಟನೆಲ್ ಕನೆಕ್ಷನ್ ಫೇಲ್ಡ್" ಅಂತಿದ್ದರೆ ಸಾಮಾನ್ಯವಾಗಿ ಪ್ರಾಕ್ಸಿ ಸಿಕ್ಕಿದೆ, ಆದರೆ ಅದು ಬೇಡ ಅಂದಿದೆ ಅಥವಾ ಅದಕ್ಕೇ ಹೊರಗೆ ಹೋಗಲಾಗಿಲ್ಲ. ಯಾಕೆ ಅಂತ ಪ್ರಾಕ್ಸಿ ಬರೆದು ಕಳಿಸುವ ಪುಟವನ್ನು ಎಚ್‌ಟಿಟಿಪಿಎಸ್ ಸೈಟುಗಳಲ್ಲಿ ಕ್ರೋಮ್ ತೋರಿಸುವುದಿಲ್ಲ. ಹಾಗಾಗಿ ನಾನು ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್‌ನಂಥ ಹಳೇ ಎಚ್‌ಟಿಟಿಪಿ ಸೈಟೊಂದನ್ನು ತೆರೆಯಲು ಹೇಳುತ್ತೇನೆ. ಆಗ ಪ್ರಾಕ್ಸಿಯ ಮಾತು ಸ್ಕ್ರೀನಿನ ಮೇಲೆ ಪೂರ್ತಿ ಕಾಣುತ್ತದೆ.

ಆಮೇಲೆ ಸರ್ವರ್‌ನ ಲಾಗ್, ಅಂದರೆ ಬಂದ ಕೋರಿಕೆಗಳನ್ನು ಅದು ಬರೆದಿಡುವ ಫೈಲು. ನಮ್ಮ ಕಡೆ ಹೆಚ್ಚು ಕಾಣುವುದು ಉಬುಂಟು ಲಿನಕ್ಸ್ ಮೇಲೆ ಹಾಕಿದ ಸ್ಕ್ವಿಡ್ ಅನ್ನುವ ಪ್ರಾಕ್ಸಿ ಸಾಫ್ಟ್‌ವೇರ್, ಪೋರ್ಟ್ (ಕೋರಿಕೆ ಬರುವ ಬಾಗಿಲಿನ ನಂಬರು) 3128. ಅದರ ಆಕ್ಸೆಸ್ ಲಾಗ್ ವಾರ್ ಫೋಲ್ಡರ್‌ನೊಳಗಿನ ಲಾಗ್ ಫೋಲ್ಡರ್‌ನಲ್ಲಿ, ಸ್ಕ್ವಿಡ್ ಹೆಸರಿನಡಿ ಇರುತ್ತದೆ. ಟೇಲ್ ಕಮಾಂಡ್‌ನಿಂದ ಅದನ್ನು ಓಡುತ್ತಿರುವಂತೆಯೇ ತೆರೆದಿಟ್ಟುಕೊಳ್ಳಿ. ಒಬ್ಬರಿಗೆ ಮಾತ್ರ ಒಂದು ಪುಟ ತೆರೆಯಲು ಹೇಳಿ. ಸಾಲಿನ ಮೊದಲಿಗಿರುವ ಉದ್ದನೆಯ ಸಂಖ್ಯೆ ನೋಡಿ ಗಾಬರಿ ಬೇಡ. ಅದು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು, ಅಷ್ಟೆ. ನಮಗೆ ಬೇಕಾದದ್ದು ಆ ಕಂಪ್ಯೂಟರಿನ ಐಪಿ ಮತ್ತು ಪಕ್ಕದ ಕೋಡ್.

ಹೊಸ ಸಾಲೇ ಬರಲಿಲ್ಲ ಅಂದರೆ ಸಾಮಾನ್ಯವಾಗಿ ಕೋರಿಕೆ ಸ್ಕ್ವಿಡ್ ತಲುಪಿಲ್ಲ. ಕೇಬಲ್, ಸ್ವಿಚ್, ಸರ್ವರ್‌ನ ಫೈರ್‌ವಾಲ್, ಇಲ್ಲಾ ಬ್ರೌಸರ್‌ನಲ್ಲಿ ತಪ್ಪು ಪ್ರಾಕ್ಸಿ ವಿಳಾಸ. ಆ ಕಂಪ್ಯೂಟರಿನ ಐಪಿ 169.254ರಿಂದ ಶುರುವಾಗಿದ್ದರೆ ಅದಕ್ಕೆ ಡಿಎಚ್‌ಸಿಪಿಯಿಂದ (ವಿಳಾಸ ತಾನಾಗಿ ಹಂಚುವ ವ್ಯವಸ್ಥೆ) ವಿಳಾಸವೇ ಸಿಕ್ಕಿಲ್ಲ, ಪ್ರಾಕ್ಸಿಯನ್ನು ಬೈದು ಪ್ರಯೋಜನವಿಲ್ಲ. ಸ್ಕ್ವಿಡ್ಡೇ ನಿಂತಿರಲೂಬಹುದು. ಲಾಗ್ ಬೆಳೆದು ಡಿಸ್ಕ್ ತುಂಬಿದರೆ ಅದು ನಿಂತುಬಿಡುತ್ತದೆ. 407 ಬಂದರೆ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತಿದೆ. 503 ಬಂದರೆ ಒಳಗಿನ ಭಾಗ ಚೆನ್ನಾಗಿದೆ, ಸರ್ವರ್‌ಗೇ ಸೈಟು ಸಿಗುತ್ತಿಲ್ಲ. ಆಗ ಸರ್ವರ್‌ನ ಡಿಎನ್ಎಸ್ ನೋಡಿ. ಸ್ಕ್ವಿಡ್ ಡಿಎನ್ಎಸ್ ವಿಳಾಸವನ್ನು ಶುರುವಾಗುವಾಗ ಓದಿಕೊಳ್ಳುತ್ತದೆ. ಮಧ್ಯದಲ್ಲಿ ಅದು ಬದಲಾಗಿದ್ದರೆ ಸ್ಕ್ವಿಡ್ಡನ್ನು ರೀಸ್ಟಾರ್ಟ್ ಮಾಡಬೇಕು.

ಅತಿ ಜಾಸ್ತಿ ಕಾಣುವುದು 403, "ಡಿನೈಡ್". ಉಬುಂಟುವಿನಲ್ಲಿ ಸ್ಕ್ವಿಡ್ ಹೊಸದಾಗಿ ಹಾಕಿದಾಗ ಅದು ಆ ಸರ್ವರ್‌ಗೆ ಮಾತ್ರ ನೆಟ್ ಬಿಡುತ್ತದೆ, ಪಕ್ಕದ ಕಂಪ್ಯೂಟರ್‌ಗಲ್ಲ. "ಸರ್ವರ್‌ನಲ್ಲಿ ಬರುತ್ತೆ, ಮಿಕ್ಕದ್ದರಲ್ಲಿ ಇಲ್ಲ" ಅನ್ನುವುದಕ್ಕೆ ಎಷ್ಟೋ ಕಡೆ ಕಾರಣ ಇದೇ. ಲೋಕಲ್‌ನೆಟ್‌ಗೆ, ಅಂದರೆ ಒಳಗಿನ ಕಂಪ್ಯೂಟರ್‌ಗಳಿಗೆ, ಅನುಮತಿ ಕೊಡುವ ಸಾಲು ಸ್ಕ್ವಿಡ್‌ನ ಸೆಟ್ಟಿಂಗ್ ಫೈಲಿನಲ್ಲಿ ಇದ್ದೇ ಇರುತ್ತದೆ, ಮುಂದೆ ಹ್ಯಾಶ್ ಗುರುತು ಹಾಕಿ ಮಲಗಿಸಿರುತ್ತಾರೆ. ಆ ಹ್ಯಾಶ್ ತೆಗೆದು ರೀಕಾನ್ಫಿಗರ್ ಮಾಡಿದರೆ, ಅಂದರೆ ಸ್ಕ್ವಿಡ್‌ಗೆ ಫೈಲನ್ನು ಮತ್ತೆ ಓದಿಸಿದರೆ, ಸಾಕು. ಹೊಸದಾಗಿ ನೀವೇ ಸಾಲು ಬರೆಯುವುದಾದರೆ ಜಾಗ ನೋಡಿ ಬರೆಯಿರಿ. ಸ್ಕ್ವಿಡ್ ನಿಯಮಗಳನ್ನು ಮೇಲಿನಿಂದ ಓದುತ್ತಾ ಬರುತ್ತದೆ, ಮೊದಲು ಹೊಂದಿದ ಸಾಲಿಗೇ ನಿಲ್ಲುತ್ತದೆ. "ಡಿನೈ ಆಲ್" ಕೆಳಗೆ ಬರೆದ ಅನುಮತಿಯನ್ನು ಅದು ನೋಡುವುದೂ ಇಲ್ಲ.

ಬೇಸತ್ತು ಕೆಲವರು ಎಲ್ಲಕ್ಕೂ ಮೇಲೆ "ಅಲೋ ಆಲ್" ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸರ್ವರ್‌ಗೆ ಪಬ್ಲಿಕ್ ಐಪಿ ಇದ್ದು 3128 ಹೊರಗಡೆಗೂ ತೆರೆದಿದ್ದರೆ, ಯಾರ್ಯಾರೋ ನಿಮ್ಮ ಲೈನ್ ಬಳಸುತ್ತಾರೆ. ಅವರು ಮಾಡಿದ್ದಕ್ಕೆಲ್ಲ ನಿಮ್ಮ ಕಾಲೇಜಿನ ಐಪಿಯೇ ಸಾಕ್ಷಿ. ಪೊಲೀಸರು ವಿಚಾರಿಸಿಕೊಂಡು ಬಂದರೆ ಉತ್ತರ ಕೊಡಬೇಕಾದವರು ಪ್ರಿನ್ಸಿಪಾಲರು.

403ರದೇ ಇನ್ನೊಂದು ರೂಪವಿದೆ. ಎಲ್ಲ ಸೈಟೂ ಬರುತ್ತವೆ, ಅರ್ಜಿ ತುಂಬುವ ಒಂದು ಪೋರ್ಟಲ್ ಮಾತ್ರ ಬರುವುದಿಲ್ಲ. ವಿಳಾಸದ ಕೊನೆಯಲ್ಲಿ 8443 ಇದೆಯಾ ನೋಡಿ. ಸುರಕ್ಷಿತ ಕನೆಕ್ಷನ್‌ಗೆ ಸ್ಕ್ವಿಡ್ ಮೊದಲಿಂದ ಒಪ್ಪಿರುವುದು 443 ಒಂದನ್ನೇ. ಎಸ್‌ಎಸ್‌ಎಲ್ ಪೋರ್ಟ್‌ಗಳ ಪಟ್ಟಿಗೆ 8443 ಸೇರಿಸಿ, ಪಾರ್ಸ್ ಆಯ್ಕೆ ಕೊಟ್ಟು ಫೈಲಿನಲ್ಲಿ ತಪ್ಪಿಲ್ಲ ಅಂತ ಖಾತ್ರಿ ಮಾಡಿಕೊಂಡು, ರೀಕಾನ್ಫಿಗರ್ ಮಾಡಿ.

ಈಗ ತಲೆ ತಿನ್ನುವ ಕೇಸಿಗೆ ಬರೋಣ. ಸಿಡಿಲಿಗೆ ಮೋಡೆಮ್ ಹೋಗುವುದು ಮಲೆನಾಡು, ಕರಾವಳಿಯವರಿಗೆ ಹೊಸದಲ್ಲ. ಒಂದು ಲ್ಯಾಬಿನಲ್ಲಿ ಹಾಗೇ ಆಗಿತ್ತು. ಹೊಸ ಮೋಡೆಮ್ ಬಂತು, ಅದಕ್ಕೆ ವೈಫೈನಲ್ಲಿ ಸೇರಿದ ಮೊಬೈಲ್‌ಗಳಲ್ಲಿ ನೆಟ್ ಚೆನ್ನಾಗಿ ಓಡುತ್ತಿತ್ತು, ಲ್ಯಾಬಿನ ಒಂದು ಕಂಪ್ಯೂಟರೂ ಪ್ರಾಕ್ಸಿಗೆ ಮುಟ್ಟುತ್ತಿರಲಿಲ್ಲ. ಯಾರೂ ಸರ್ವರ್ ಮುಟ್ಟಿಲ್ಲ ಅಂತ ಲ್ಯಾಬಿನ ಮೇಡಂ ಹೇಳಿದರು. ಅದು ನಿಜವೇ ಆಗಿತ್ತು.

ಸರ್ವರ್‌ನಲ್ಲಿ ಎರಡು ಲ್ಯಾನ್ ಕಾರ್ಡ್. ಹೊರಗಿನದು ಮೋಡೆಮ್‌ಗೆ, ಒಳಗಿನದು ಲ್ಯಾಬಿನ ಸ್ವಿಚ್‌ಗೆ. ಹಳೇ ಮೋಡೆಮ್ 192.168.0 ಸಾಲಿನಲ್ಲಿ ವಿಳಾಸ ಕೊಡುತ್ತಿತ್ತು, ಲ್ಯಾಬ್ ಇದ್ದದ್ದು 192.168.1 ಸಾಲಿನಲ್ಲಿ. ಹೊಸ ಮೋಡೆಮ್ ಬಂದದ್ದೇ 192.168.1.1 ಆಗಿ. ಈಗ ಎರಡೂ ಕಡೆ ಒಂದೇ ಸಾಲು. ದಾರಿಗಳ ಪಟ್ಟಿ ತೋರಿಸುವ ಐಪಿ ರೂಟ್ ಕಮಾಂಡ್ ಕೊಟ್ಟಾಗ 192.168.1.0 ಎರಡು ಸಲ ಕಂಡಿತು, ಮೆಟ್ರಿಕ್ (ಯಾವ ದಾರಿಗೆ ಆದ್ಯತೆ ಅನ್ನುವ ಸಂಖ್ಯೆ) 100 ಹೊರಗಿನ ಕಾರ್ಡಿಗೆ, 101 ಒಳಗಿನದಕ್ಕೆ. ಸರ್ವರ್ ಚಿಕ್ಕ ಸಂಖ್ಯೆಯನ್ನೇ ಆರಿಸುತ್ತದೆ. ಕಂಪ್ಯೂಟರ್‌ಗಳ ಕೋರಿಕೆ ಒಳಗಿನ ಕಾರ್ಡಿಗೆ ಬರುತ್ತಿತ್ತು, ಉತ್ತರ ಮಾತ್ರ ಮೋಡೆಮ್ ಕಡೆಗೆ ಹೋಗುತ್ತಿತ್ತು. ಅಲ್ಲಿ ಅದನ್ನು ತೆಗೆದುಕೊಳ್ಳುವವರು ಯಾರೂ ಇಲ್ಲ. ಮೆಟ್ರಿಕ್ ಅದಲುಬದಲಾಗಿದ್ದರೆ ಲ್ಯಾಬು ಪ್ರಾಕ್ಸಿಗೆ ಮುಟ್ಟುತ್ತಿತ್ತು.

ಇದಕ್ಕೆ ಲ್ಯಾಬಿನ ವಿಳಾಸಗಳನ್ನು ಬದಲಾಯಿಸಲು ಹೊರಡಬೇಡಿ. ಪ್ರತಿ ಕಂಪ್ಯೂಟರ್‌ನಲ್ಲೂ ಪ್ರಾಕ್ಸಿ ವಿಳಾಸ ಕೈಯಾರೆ ಹಾಕಿರುತ್ತಾರೆ, ಪ್ರಿಂಟರ್‌ಗೂ ಒಂದು ವಿಳಾಸ ಕಟ್ಟಿರುತ್ತಾರೆ. ಬದಲಾಯಿಸಬೇಕಾದದ್ದು ಮೋಡೆಮ್ ಒಂದನ್ನೇ. ಅದರ ಲ್ಯಾನ್ ಸೆಟ್ಟಿಂಗ್‌ನಲ್ಲಿ 192.168.100.1 ಹಾಕಿ, ಸರ್ವರ್‌ನ ಹೊರಗಿನ ಕಾರ್ಡಿನ ಕೇಬಲ್ ತೆಗೆದು ಚುಚ್ಚಿದೆವು. ಲ್ಯಾಬ್ ಎದ್ದು ಕೂತಿತು. ಅಂದಹಾಗೆ, ಎರಡು ಕಾರ್ಡಿರುವ ಸರ್ವರ್‌ನಲ್ಲಿ ಗೇಟ್‌ವೇ ಇರಬೇಕಾದದ್ದು ಹೊರಗಿನ ಕಾರ್ಡಿಗೆ ಮಾತ್ರ.

ಕೊನೆಗೆ ಒಂದೊಂದೇ ಕಂಪ್ಯೂಟರ್ ಹಟ ಹಿಡಿಯುವ ಕೇಸುಗಳು. ಕ್ರೋಮ್, ಎಡ್ಜ್ ಎರಡೂ ವಿಂಡೋಸ್‌ನ ಪ್ರಾಕ್ಸಿ ಸೆಟ್ಟಿಂಗ್ ನೋಡುತ್ತವೆ. ಫೈರ್‌ಫಾಕ್ಸ್‌ಗೆ ಬೇಕಾದರೆ ತನ್ನದೇ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳಬಹುದು, ಅಲ್ಲೂ ನೋಡಿ. ಬ್ರೌಸರ್‌ನಲ್ಲಿ ನೆಟ್ ಇದ್ದು ಹಿನ್ನೆಲೆಯ ಕೆಲವು ಸರ್ವಿಸ್‌ಗಳಿಗೆ ಇಲ್ಲದಿದ್ದರೆ ವಿನ್‌ಎಚ್‌ಟಿಟಿಪಿ ಅನ್ನುವ ಬೇರೆ ಪ್ರಾಕ್ಸಿ ಸೆಟ್ಟಿಂಗನ್ನು ವಿಂಡೋಸ್‌ನ ನೆಟ್‌ಶೆಲ್ ಕಮಾಂಡ್‌ನಲ್ಲಿ ಪರೀಕ್ಷಿಸಿ. ಎಲ್ಲ ಸೈಟಿಗೂ ಸರ್ಟಿಫಿಕೇಟ್ ಎರರ್ ಬಂದರೆ ಮೊದಲು ತಾರೀಖು ನೋಡಿ. ಮದರ್‌ಬೋರ್ಡಿನ ಸೆಲ್ ಮುಗಿದು ಹಳೇ ವರ್ಷಕ್ಕೆ ಹೋಗಿರುತ್ತದೆ.

ಪ್ರಿಂಟರ್‌ನ ಪುಟ 192.168.1.50ರಲ್ಲಿ ತೆರೆಯುತ್ತಿಲ್ಲ, "ಲೋಕಲ್ ವಿಳಾಸಕ್ಕೆ ಪ್ರಾಕ್ಸಿ ಬೇಡ" ಅಂತ ಟಿಕ್ ಹಾಕಿದ್ದೇವಲ್ಲ ಅಂತ ಕೇಳುತ್ತಾರೆ. ಆ ಟಿಕ್ ಕೆಲಸ ಮಾಡುವುದು ಚುಕ್ಕೆಯಿಲ್ಲದ ಹೆಸರುಗಳಿಗೆ ಮಾತ್ರ. ಐಪಿ ವಿಳಾಸದಲ್ಲಿ ಚುಕ್ಕೆಗಳಿವೆ ಅಲ್ವಾ, ಹಾಗಾಗಿ ಅದು ಪ್ರಾಕ್ಸಿಗೇ ಹೋಗುತ್ತದೆ. ಕೆಳಗಿನ ಎಕ್ಸೆಪ್ಷನ್ ಪಟ್ಟಿಯಲ್ಲಿ 192.168.1 ಬರೆದು, ಒಂದು ಚುಕ್ಕೆ, ಒಂದು ನಕ್ಷತ್ರ ಹಾಕಿ. ಪ್ರಿಂಟರ್ ಪುಟ ನೇರವಾಗಿ ತೆರೆಯುತ್ತದೆ.